ಅಜ್ಜಿಯ ಹೆದರಿಕೆ ಬೇರೆ, ಅಮ್ಮನ ಹೆದರಿಕೆ ಬೇರೆ

ಹೊಸ ಓದುಗರಿಗೆ ಎರಡು ಮಾತು. ನಾನು ದಾವಣಗೆರೆಯಲ್ಲಿ ಹುಟ್ಟಿದವಳು. 1976ರಿಂದ 2014ರವರೆಗೆ ಇಲ್ಲಿನ ಸುತ್ತಮುತ್ತ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದ್ದೇನೆ. ಎರಡು ಮಕ್ಕಳ ತಾಯಿ, ಮೂರು ಮೊಮ್ಮಕ್ಕಳ ಅಜ್ಜಿ. ನಾನು ಡಾಕ್ಟರ್ ಅಲ್ಲ. ಮಕ್ಕಳನ್ನು ಹತ್ತಿರದಿಂದ ನೋಡಿದ ಅನುಭವದ ಮೇಲೆ ಉತ್ತರ ಬರೆಯುತ್ತೇನೆ. ಈ ಸಲ ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಹೋಗಿದೆ. ಅದೇ ತರದ ಪತ್ರಗಳು ಈ ವರ್ಷ ತುಂಬಾ ಬಂದಿವೆ, ಅದಕ್ಕೆ.

ಪ್ರಶ್ನೆ: ಟೀಚರಮ್ಮ, ನನಗೆ 63 ವರ್ಷ. ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗ, ಐದು ತಿಂಗಳ ಮೊಮ್ಮಗಳ ಜೊತೆ ಇದ್ದೇನೆ. ಮೊನ್ನೆ ಮೊಮ್ಮಗ ಗೇಟು ತೆಗೆದು ರಸ್ತೆಗೆ ಓಡಿಬಿಟ್ಟ. ಅಷ್ಟರಲ್ಲಿ ಆಟೋ ಬಂತು. ಓಡಿಹೋಗಿ ಎಳೆದುಕೊಂಡು ಬಂದು ಬೆನ್ನಿಗೆ ಒಂದು ಏಟು ಕೊಟ್ಟೆ. ಸೊಸೆ ಜೋರು ಮಾಡಲಿಲ್ಲ. ಮೆತ್ತಗೆ, ‘ಅತ್ತೆ, ನಮ್ಮ ಮನೆಯಲ್ಲಿ ಮಕ್ಕಳಿಗೆ ಹೊಡೆಯೋದಿಲ್ಲ’ ಅಂದಳು. ಜೇನುತುಪ್ಪ ಬೇಡ, ಬಜೆ ಬೇಡ, ಕಾಡಿಗೆ ಬೇಡ ಅಂತ ಮೊದಲೇ ಹೇಳಿದ್ದಾಳೆ. ‘ನಮ್ಮ ಮನೆ’ ಅಂದಿದ್ದು ಚುಚ್ಚಿದೆ. ನಾನು ಮೂರು ಮಕ್ಕಳನ್ನು ಸಾಕಿದವಳು. ಅವಳ ಗಂಡನನ್ನೂ ನಾನೇ ಬೆಳೆಸಿದ್ದು ಅಲ್ವಾ? ಹಾಗಾದರೆ ನಾನು ಮಾಡಿದ್ದೆಲ್ಲ ತಪ್ಪಾ?
– ಹೆಸರು ಬೇಡ, ವಿದ್ಯಾನಗರ, ದಾವಣಗೆರೆ

ಉತ್ತರ: ತಂಗಿ, ಮೊದಲು ಆ ಆಟೋದ ಮಾತು. ಮಗು ರಸ್ತೆಗೆ ಓಡಿದ್ದು, ನೀವು ಹಿಂದೆ ಓಡಿದ್ದು, ಆ ಅರ್ಧ ನಿಮಿಷದಲ್ಲಿ ನಿಮ್ಮ ಜೀವ ಬಾಯಿಗೆ ಬಂದಿರುತ್ತದೆ. ಹೆದರಿದಾಗ ಕೈ ತಾನಾಗಿ ಏಳುತ್ತದೆ. ನನ್ನ ಕೈಯೂ ಎದ್ದಿದೆ. ನಿಮ್ಮನ್ನು ಬೈಯಲು ನಾನು ಯಾರು?

ಮಕ್ಕಳ ವಿಷಯಕ್ಕೆ ಯಾರ ಮನೆಯಲ್ಲಿ ಜಗಳ ಆದರೂ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇಲ್ಲಿ ದೊಡ್ಡವರು ಯಾವುದಕ್ಕೆ ಹೆದರಿದ್ದಾರೆ? ಒಂದೊಂದು ತಲೆಮಾರೂ ತನ್ನ ಹೆದರಿಕೆಗೆ ತಕ್ಕ ಹಾಗೆ ಮಕ್ಕಳನ್ನು ಬೆಳೆಸಿದೆ ಅಂತ ನನಗೆ ಅನಿಸುತ್ತದೆ. ನಮ್ಮ ಅವ್ವ ಯಾವುದಕ್ಕೆ ಹೆದರಿದ್ದಳು ಅಂತ ಹೇಳುತ್ತೇನೆ, ಕೇಳಿ.

ನಮ್ಮ ಅಪ್ಪ ಕಾಟನ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ನಾವಿದ್ದದ್ದು ವಠಾರದ ಎರಡು ಕೋಣೆಯಲ್ಲಿ. ಅವ್ವ ಆರು ಹೆತ್ತಳು, ಐದು ಉಳಿದೆವು. 1962ರಲ್ಲಿ, ನನಗೆ ಎಂಟು ವರ್ಷವಿದ್ದಾಗ, ಮೂರು ವರ್ಷದ ತಮ್ಮನಿಗೆ ದಡಾರ ಎದ್ದಿತು. ಅಮ್ಮ ಬಂದಿದ್ದಾಳೆ ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ. ದುಗ್ಗಮ್ಮನಿಗೆ ಹರಕೆ ಹೊತ್ತರು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ಒಂಬತ್ತನೇ ದಿನ ಅವನು ಹೋದ. ಆಮೇಲೆ ಹುಟ್ಟಿದ ತಮ್ಮನಿಗೆ ಅವ್ವ ಮೂಗು ಚುಚ್ಚಿಸಿದಳು. ಒಳ್ಳೆಯ ಹೆಸರಿದ್ದರೂ ಗುಂಡ ಅಂತಲೇ ಕೂಗುತ್ತಿದ್ದಳು. ಪಕ್ಕದ ಮನೆಯವರು ‘ಹುಡುಗ ಎಷ್ಟು ಲಕ್ಷಣವಾಗಿದ್ದಾನೆ’ ಅಂದರೆ ಸಾಕು, ‘ಅಯ್ಯೋ ಎಲ್ಲಿ, ಊಟಾನೇ ಸೇರಲ್ಲ ಇದಕ್ಕೆ’ ಅಂತ ತಳ್ಳಿಹಾಕುತ್ತಿದ್ದಳು. ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ನನ್ನ ಅವ್ವ ಒಂದು ದಿನವೂ ನಮ್ಮನ್ನು ಬಾಯಿಬಿಟ್ಟು ಹೊಗಳಲಿಲ್ಲ. ಹೊಗಳಿದರೆ ದೃಷ್ಟಿಯಾಗುತ್ತದೆ, ದೃಷ್ಟಿಯಾದರೆ ಮಗು ಕೈಬಿಟ್ಟು ಹೋಗುತ್ತದೆ ಅನ್ನೋದು ಅವಳ ಹೆದರಿಕೆ.

ಅದು ಅವಳೊಬ್ಬಳದೇ ಹುಚ್ಚು ಹೆದರಿಕೆ ಅಂತ ತಿಳಿಯಬೇಡಿ. 1971ರಲ್ಲೂ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮುಂಚೆ ತೀರಿಹೋಗುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿದಿದೆ. ದಡಾರದ ಲಸಿಕೆ 1985ರ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ಸೇರಿತು. ನನ್ನ ತಮ್ಮನಿಗೆ ಅದು 23 ವರ್ಷ ತಡ.

ಅವ್ವನ ಆ ಹೆದರಿಕೆ ನಿಮ್ಮ ಅತ್ತೆಗೂ ಇತ್ತು, ಅವರಿಂದ ಸ್ವಲ್ಪ ನಿಮಗೂ ಬಂದಿದೆ. ನಿಮ್ಮ ಸೊಸೆಯ ಕೈಯಲ್ಲಿ ಲಸಿಕೆ ಕಾರ್ಡು ಇದೆ. ಮಗು ಬದುಕುತ್ತದೆ ಅನ್ನೋ ಧೈರ್ಯ ಅವಳಿಗಿದೆ. ಹಾಗಾಗಿ ಅವಳ ಹೆದರಿಕೆ ಬೇರೆ ಕಡೆ ಹೋಗಿದೆ. ಮಗುವಿನ ಮನಸ್ಸಿಗೆ ಪೆಟ್ಟಾದರೆ, ಅದು ಒಳಗೊಳಗೇ ಮುದುಡಿಕೊಂಡರೆ ಅಂತ ಅವಳು ಹೆದರುತ್ತಾಳೆ. ಇಬ್ಬರೂ ಅದೇ ಮಗುವಿಗೋಸ್ಕರ ಹೆದರುತ್ತಿದ್ದೀರಿ.

ಇನ್ನು ಬೇಡ ಅಂದ ವಸ್ತುಗಳ ವಿಷಯ. ಇಲ್ಲಿ ನಾನು ನಿಮ್ಮ ಸೊಸೆಯ ಕಡೆ. ವರ್ಷ ತುಂಬುವ ತನಕ ಜೇನುತುಪ್ಪ ಒಂದು ಹನಿಯೂ ಬೇಡ. ಅದರಲ್ಲಿ ಕೆಲವು ಸಲ ಇರುವ ಒಂದು ರೋಗಾಣು ದೊಡ್ಡವರಿಗೆ ಏನೂ ಮಾಡುವುದಿಲ್ಲ, ಎಳೆಮಗುವಿನ ಹೊಟ್ಟೆಯಲ್ಲಿ ವಿಷವಾಗಬಹುದು. ಕಾಡಿಗೆಯಲ್ಲಿ ಸೀಸ ಇರಬಹುದು, ಕಣ್ಣಿಗೆ ಸೋಂಕೂ ಆಗಬಹುದು. ಆರು ತಿಂಗಳ ತನಕ ತಾಯಿ ಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ ಅಂತ ಡಾಕ್ಟರು ಹೇಳುತ್ತಾರೆ. ಹಾಗಾಗಿ ಬಜೆಯೂ ಬೇಡ. ನಮ್ಮಲ್ಲಿ ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲನ್ನು ಕೆಟ್ಟದ್ದು ಅಂತ ಹಿಂಡಿ ಚೆಲ್ಲುತ್ತಿದ್ದರು. ನನ್ನ ಮೊದಲ ಮಗುವಿಗೆ ನಾನೂ ಚೆಲ್ಲಿದ್ದೇನೆ. ರೋಗ ತಡೆಯುವ ಶಕ್ತಿ ಅದರಲ್ಲೇ ಜಾಸ್ತಿ ಇರೋದು ಅಂತ ಎರಡನೇ ಬಾಣಂತನದಲ್ಲಿ ನರ್ಸಮ್ಮ ಹೇಳಿದ ಮೇಲೆ ಗೊತ್ತಾಯಿತು. ಆ ದಿನ ನನಗಾದ ಸಂಕಟ ಈಗಲೂ ನೆನಪಿದೆ.

ಆದರೆ ನಿಮ್ಮ ಕೈಯಲ್ಲಿ ಇರುವ ವಿದ್ಯೆ ಬೇರೆ ಇದೆ. ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಎರೆಯೋದು. ಕೈ ಹಗುರ ಇರಲಿ, ಮೂಗಿಗೆ ಕಿವಿಗೆ ಎಣ್ಣೆ ಬಿಡಬೇಡಿ, ಸಾಂಬ್ರಾಣಿ ಹೊಗೆ ಹಾಕಬೇಡಿ, ಅಷ್ಟೇ. ಮೊಮ್ಮಗಳಿಗೆ ಮುಂದಿನ ತಿಂಗಳು ಆರು ತುಂಬುತ್ತದೆ. ರಾಗಿ ಸರಿ ಶುರು ಮಾಡುವ ಹೊತ್ತು. ರಾಗಿಯನ್ನು ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸೋದು. ಎಷ್ಟು ಹುರಿದರೆ ಸಾಕು ಅನ್ನೋದು ವಾಸನೆಯಲ್ಲಿ ಗೊತ್ತಾಗುತ್ತದೆ. ಅದು ಫೋನಿನಲ್ಲಿ ನೋಡಿದರೆ ಬರೋದಿಲ್ಲ. ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ.

ಏಟಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯೋದು ನನಗೆ ಕಷ್ಟ.

1989ರಲ್ಲಿ ನನ್ನ ಮೂರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ದಿನಾ ತಡವಾಗಿ ಬರುತ್ತಿದ್ದ. ಕೇಳಿದರೆ ಉತ್ತರವಿಲ್ಲ. ಆಗ ಎಲ್ಲ ಟೀಚರುಗಳ ಮೇಜಿನ ಮೇಲೂ ಕೋಲು ಇರುತ್ತಿತ್ತು. ‘ಚರ್ಮ ನಿಮ್ಮದು, ಮೂಳೆ ಮಾತ್ರ ನಮ್ಮದು’ ಅಂತ ತಂದೆತಾಯಿಯೇ ಬಂದು ಹೇಳಿ ಹೋಗುತ್ತಿದ್ದರು. ಒಂದು ದಿನ ‘ಕೈ ಚಾಚು’ ಅಂದೆ. ಚಾಚಿದ. ಹೊಡೆದೆ. ಅವನು ಕೂಗಿದ ರೀತಿ ಬೇರೆಯೇ ಇತ್ತು. ಕೈ ಹಿಡಿದು ನೋಡಿದರೆ ಅಂಗೈಯಲ್ಲಿ ಬೊಬ್ಬೆ. ಬೆಳಗಿನ ಜಾವ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿ ಶಾಲೆಗೆ ಬರುತ್ತಿದ್ದನಂತೆ. ಮಂಡಕ್ಕಿ ಹುರಿಯೋದು ಕಾದ ಮರಳಿನಲ್ಲಿ. ಆ ಮರಳು ಕೈಗೆ ತಾಗಿತ್ತು. ಆ ಬೊಬ್ಬೆಯ ಮೇಲೆ ನಾನು ಹೊಡೆದಿದ್ದೆ. ಏಟಿನಿಂದ ಅವನು ಕಲಿತದ್ದೇನು? ಮರುದಿನದಿಂದ ಶಾಲೆಗೇ ಬರಲಿಲ್ಲ. ನಾನು ಅವನ ಮನೆಗೆ ನಾಲ್ಕು ಸಲ ಹೋಗಿ, ಅವನ ತಾಯಿ ಹತ್ತಿರ ಕೂತು ಮಾತಾಡಿ, ವಾಪಸ್ಸು ಕರೆತಂದೆ. ಕೋಲು ಅವತ್ತೇ ಬಿಟ್ಟೆ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯಬಾರದು, ಮನಸ್ಸಿಗೆ ಹಿಂಸೆ ಕೊಡಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೇಳಿದ್ದು 2009ರಲ್ಲಿ. ಅದು ಜಾರಿಯಾಗಿದ್ದು 2010ರ ಏಪ್ರಿಲ್ 1ರಿಂದ. ನನಗೆ ಆ ಹುಡುಗನ ಅಂಗೈ ಮೊದಲೇ ಹೇಳಿತ್ತು.

ಆದ್ದರಿಂದ, ತಂಗಿ, ಹೊಡೆಯೋದನ್ನು ಬಿಡಿ. ಸೊಸೆ ಹೇಳಿದಳು ಅಂತ ಬಿಡಬೇಡಿ, ನಿಮಗೇ ಬೇಡ ಅನಿಸಿ ಬಿಡಿ. ಗೇಟಿಗೆ ಮಗುವಿನ ಕೈಗೆ ಎಟುಕದ ಹಾಗೆ ಮೇಲೊಂದು ಚಿಲಕ ಹಾಕಿಸಿ. ಮೊಮ್ಮಗನನ್ನು ಕೂರಿಸಿಕೊಂಡು, ‘ಅವತ್ತು ಅಜ್ಜಿಗೆ ತುಂಬಾ ಹೆದರಿಕೆ ಆಯ್ತು, ಅದಕ್ಕೆ ಹೊಡೆದುಬಿಟ್ಟೆ, ಇನ್ನು ಹೊಡೆಯಲ್ಲ. ರಸ್ತೆಗೆ ಹೋಗುವಾಗ ನನ್ನ ಕೈ ಹಿಡ್ಕೋಬೇಕು’ ಅಂತ ಹೇಳಿ. ಅಜ್ಜಿಗೂ ಹೆದರಿಕೆಯಾಗುತ್ತದೆ ಅನ್ನೋದು ಅವನಿಗೆ ಹೊಸ ವಿಷಯ. ಬೇಗ ತಲೆಗೆ ಹೋಗುತ್ತದೆ.

‘ನಮ್ಮ ಮನೆ’ ಅಂದ ಮಾತನ್ನು ಒಳಗೇ ಇಟ್ಟುಕೊಂಡು ಕೊರಗಬೇಡಿ. ಸೊಸೆ ಮೆತ್ತಗೆ ಹೇಳಿದಳು ಅಂತ ನೀವೇ ಬರೆದಿದ್ದೀರಿ. ನೀವೂ ಮೆತ್ತಗೇ ಕೇಳಿ. ‘ಆ ನಮ್ಮ ಮನೆಯಲ್ಲಿ ನಾನೂ ಇದ್ದೀನಿ ಅಲ್ವೇನಮ್ಮಾ?’ ಅಂತ. ಅವಳು ಹಾಗೆ ಯೋಚಿಸಿ ಆಡಿದ ಮಾತು ಇರಲಿಕ್ಕಿಲ್ಲ. ಈ ಅಂಕಣ ಓದುವ ಸೊಸೆಯರಿಗೂ ಒಂದು ಮಾತು: ಬೇಡ ಅನ್ನಬೇಕಾದ್ದನ್ನು ಬೇಡ ಅನ್ನಿ. ಆದರೆ ಅದೇ ದಿನ ‘ಅತ್ತೆ, ಇದನ್ನು ಹೇಗೆ ಮಾಡ್ತಿದ್ರಿ?’ ಅಂತ ಒಂದನ್ನಾದರೂ ಕೇಳಿ. ಐದಾರು ‘ಬೇಡ’ಗಳು ಒಟ್ಟಿಗೆ ಬಂದರೆ, ಅತ್ತೆಯೇ ಬೇಡ ಅಂದ ಹಾಗೆ ಕೇಳಿಸುತ್ತದೆ.

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಊರು ಚಳ್ಳಕೆರೆ ತಾಲ್ಲೂಕು, ಕೆಲಸ ಚಿತ್ರದುರ್ಗದಲ್ಲಿ. ಅಪ್ಪ ಶೇಂಗಾ ಬೆಳೆಯುತ್ತಿದ್ದರು. ಈಗ ಎಪ್ಪತ್ತು ದಾಟಿದೆ, ನಮ್ಮ ಜೊತೆಗೇ ಇದ್ದಾರೆ. ನಾನು ಚಿಕ್ಕವನಿದ್ದಾಗ ಅವರು ನನ್ನನ್ನು ಎತ್ತಿಕೊಂಡ ನೆನಪೇ ಇಲ್ಲ. ಎದುರು ನಿಂತು ಮಾತಾಡಿದ್ದೂ ಇಲ್ಲ. ಏನು ಬೇಕಾದರೂ ಅವ್ವನ ಕೈಲಿ ಹೇಳಿಸಬೇಕಿತ್ತು. ಅದೇ ಅಪ್ಪ ಈಗ ನನ್ನ ಮಗನಿಗೆ ಕುದುರೆ ಆಗುತ್ತಾರೆ, ಬೆನ್ನ ಮೇಲೆ ಕೂರಿಸಿಕೊಂಡು ಹಾಲೆಲ್ಲ ಸುತ್ತುತ್ತಾರೆ. ನೋಡಿದರೆ ಸಂತೋಷ ಆಗಬೇಕು. ನನಗೆ ಹೊಟ್ಟೆಕಿಚ್ಚು ಆಗುತ್ತದೆ. ಹೆಂಡತಿಗೂ ಹೇಳಿಲ್ಲ. ಇದು ತಪ್ಪಲ್ವಾ?
– ಒಬ್ಬ ಓದುಗ, ಚಿತ್ರದುರ್ಗ

ಉತ್ತರ: ನಿನಗೂ ನನ್ನ ಮಗನಿಗೂ ಒಂದೆರಡು ವರ್ಷ ಹೆಚ್ಚುಕಡಿಮೆ. ಅದಕ್ಕೆ ‘ನೀನು’ ಅಂತಲೇ ಬರೆಯುತ್ತೇನೆ. ತಪ್ಪು ತಿಳಿಯಬೇಡಪ್ಪ.

ಹೊಟ್ಟೆಕಿಚ್ಚು ಅಂದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮಗನ ಹಾಗೆ ಆ ಬೆನ್ನ ಮೇಲೆ ಕೂರಬೇಕಿತ್ತು ಅಂತ ನಿನ್ನೊಳಗಿನ ನಾಲ್ಕು ವರ್ಷದ ಹುಡುಗ ಕೇಳುತ್ತಿದ್ದಾನೆ. ಕೇಳಲಿ ಬಿಡು.

ಆದರೆ ನಿನಗೆ ಒಂದು ವಿಷಯ ಗೊತ್ತಿಲ್ಲದೇ ಇರಬಹುದು. ಕೂಡು ಕುಟುಂಬದಲ್ಲಿ ಒಂದು ರೂಢಿ ಇತ್ತು. ಗಂಡಸು ತನ್ನ ತಂದೆಯ ಎದುರು, ಅಣ್ಣಂದಿರ ಎದುರು ತನ್ನ ಸ್ವಂತ ಮಗುವನ್ನು ಎತ್ತಿ ಮುದ್ದಾಡಬಾರದು. ಅಣ್ಣನ ಮಕ್ಕಳನ್ನು ಎತ್ತಿಕೊಳ್ಳಬಹುದು, ತಮ್ಮನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಬಹುದು. ತನ್ನದನ್ನು ಮಾತ್ರ ಇಲ್ಲ. ಹಾಗೆ ಮಾಡಿದರೆ ದೊಡ್ಡವರ ಎದುರು ಮರ್ಯಾದೆ ಇಲ್ಲ, ತನ್ನದು ತನ್ನದು ಅಂತ ಬೇರೆ ಮಾಡುತ್ತಾನೆ ಅನ್ನುತ್ತಿದ್ದರು. ನಮ್ಮ ಮನೆಯಲ್ಲೂ ಅಷ್ಟೇ. ಅಜ್ಜ ಜಗುಲಿ ಮೇಲೆ ಕೂತಿದ್ದರೆ ಅಪ್ಪ ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬಟವಾಡೆ ದಿನ ಮಾತ್ರ ಪೇಪರ್ ಪೊಟ್ಟಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತರುತ್ತಿದ್ದ. ಅದನ್ನೂ ನಮ್ಮ ಕೈಗೆ ಕೊಡುತ್ತಿರಲಿಲ್ಲ, ಅಜ್ಜನ ಮುಂದೆ ಇಡುತ್ತಿದ್ದ. ಅಜ್ಜ ಹಂಚುತ್ತಿದ್ದ.

ಅಪ್ಪ ತೀರಿಕೊಂಡು ಹದಿನೈದು ದಿನ ಆದ ಮೇಲೆ ಅವ್ವ ಒಂದು ಮಾತು ಹೇಳಿದಳು. ರಾತ್ರಿ ಪಾಳಿ ಮುಗಿಸಿ ಬಂದಾಗ ಅಪ್ಪ ದೀಪ ಹಚ್ಚುತ್ತಿರಲಿಲ್ಲವಂತೆ. ಕತ್ತಲಲ್ಲೇ ಕೌದಿಯ ಮೇಲೆ ಕೈಯಾಡಿಸಿ ನಮ್ಮ ತಲೆ ಎಣಿಸುತ್ತಿದ್ದನಂತೆ. ಐದು ಸಿಕ್ಕ ಮೇಲೆ ಮಲಗುತ್ತಿದ್ದ. ಬೆಳಿಗ್ಗೆ ಎದ್ದಾಗ ನನ್ನ ಕೂದಲಲ್ಲಿ ಹತ್ತಿಯ ಎಳೆ ಇರುತ್ತಿತ್ತು. ಅದು ಎಲ್ಲಿಂದ ಬಂತು ಅಂತ ಚಿಕ್ಕಂದಿನಲ್ಲಿ ನಾನು ಯೋಚಿಸಿಯೇ ಇರಲಿಲ್ಲ.

ನಿನ್ನ ಅಪ್ಪನಿಗೆ ಇನ್ನೊಂದು ಹೆದರಿಕೆಯೂ ಇದ್ದಿರಬೇಕು. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಮಳೆ ನಂಬಿ ಶೇಂಗಾ ಬಿತ್ತಿದವರ ಮನೆಯಲ್ಲಿ ಬೀಜದ ಸಾಲ, ಗೊಬ್ಬರದ ಸಾಲ ತಲೆ ಮೇಲೇ ಇರುತ್ತದೆ. ಮಾತು ಕಡಿಮೆಯಾಗೋದು ಅಲ್ಲಿಂದಲೂ ಹೌದು.

ಈಗ ಏನಾಗಿದೆ ನೋಡು. ಮನೆಯಲ್ಲಿ ಅವರಿಗಿಂತ ಹಿರಿಯರು ಯಾರೂ ಇಲ್ಲ. ಮಗುವನ್ನು ಎತ್ತಿಕೊಳ್ಳಲು ಅವರು ಯಾರ ಮುಖವನ್ನೂ ನೋಡಬೇಕಿಲ್ಲ. ಬಿತ್ತನೆಯ ಚಿಂತೆಯೂ ಇಲ್ಲ. ನಿನ್ನನ್ನು ಎತ್ತಿಕೊಳ್ಳಲು ಆಗದ್ದು ಈಗ ಆಗುತ್ತಿದೆ.

ಇಷ್ಟು ಹೇಳಿ ನಿನಗೆ ಆದ ನೋವು ಸುಳ್ಳು ಅನ್ನುತ್ತಿಲ್ಲ. ಮಗು ಕಾರಣ ಕೇಳೋದಿಲ್ಲ, ಅದಕ್ಕೆ ಬೇಕಾದ್ದು ಸಿಗಲಿಲ್ಲ ಅಂದರೆ ಸಿಗಲಿಲ್ಲ. ನಾನು ಇದನ್ನು ನನ್ನ ಮಗನಿಂದಲೇ ಕಲಿತೆ. ಅವನು ನನ್ನ ಶಾಲೆಯಲ್ಲಿ, ನನ್ನ ತರಗತಿಯಲ್ಲೇ ಓದಿದವನು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ನಾವು ಕಣ್ಣಾರೆ ನೋಡಿದ್ದೆವು. ಓದದೇ ಇದ್ದರೆ ಗತಿಯಿಲ್ಲ ಅನ್ನೋದು ನನ್ನ ಹೆದರಿಕೆ. ಅವನ ಮೇಲೆ ಒಂದು ತೂಕ ಜಾಸ್ತಿಯೇ ಬಿಗಿ ಮಾಡಿದೆ. ಮೂರು ವರ್ಷದ ಹಿಂದೆ ಫೋನಿನಲ್ಲಿ ಏನೋ ಮಾತಾಡುತ್ತಾ ಅಂದ, ‘ಅಮ್ಮಾ, ನೀನು ಬೇರೆ ಹುಡುಗರ ನೋಟ್‌ಬುಕ್ಕಿನಲ್ಲಿ ಶಹಬ್ಬಾಸ್ ಅಂತ ಬರೀತಿದ್ದೆ. ನನ್ನದರಲ್ಲಿ ಬರೀ ಸಹಿ ಹಾಕ್ತಿದ್ದೆ.’ ನನಗೆ ನಿಂತ ನೆಲ ಕುಸಿದ ಹಾಗಾಯಿತು. ಟೀಚರ್ ಮಗನಿಗೆ ಪಕ್ಷಪಾತ ಮಾಡುತ್ತಾಳೆ ಅಂದಾರು ಅಂತ ಬರೆದಿರಲಿಲ್ಲ. ಅವ್ವನ ದೃಷ್ಟಿಯ ಹೆದರಿಕೆಯೂ ಒಳಗೆಲ್ಲೋ ಇತ್ತೇನೋ. ಆಗಲೇ, ಫೋನಿನಲ್ಲೇ ಕ್ಷಮೆ ಕೇಳಿದೆ. ಅವನು ಏನೂ ಅನ್ನಲಿಲ್ಲ. ಮರುದಿನ ಅವನ ಮಗಳು ಬರೆದ ಚಿತ್ರದ ಫೋಟೋ ಕಳಿಸಿ, ‘ಇದಕ್ಕೆ ಶಹಬ್ಬಾಸ್ ಬರಿಯಮ್ಮ’ ಅಂದ. ಬರೆದು, ಸಹಿ ಹಾಕಿ, ಪೋಸ್ಟಿನಲ್ಲೇ ಕಳಿಸಿದೆ.

ನಿನ್ನ ಅಪ್ಪನಿಂದ ಕ್ಷಮೆ ಬರುತ್ತದೋ ಇಲ್ಲವೋ, ಅದಕ್ಕೆ ಕಾಯಬೇಡ. ‘ನನ್ನನ್ನು ಯಾಕೆ ಎತ್ತಿಕೊಳ್ಳಲಿಲ್ಲ’ ಅಂತ ಎದುರಾಬದುರು ಕೂತು ಕೇಳಿದರೆ ಅವರು ಇನ್ನೂ ಬಾಯಿ ಮುಚ್ಚಿಕೊಳ್ಳುತ್ತಾರೆ. ನಮ್ಮ ಕಡೆಯ ಗಂಡಸರಿಗೆ ಮುಖ ನೋಡಿಕೊಂಡು ಮಾತಾಡೋದು ಬರೋದಿಲ್ಲ. ಪಕ್ಕಪಕ್ಕ ನಡೆಯುವಾಗ ಬರುತ್ತದೆ. ಒಂದು ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಕೋಟೆಗೆ ಕರೆದುಕೊಂಡು ಹೋಗು. ಏಳು ಸುತ್ತೂ ಹತ್ತಿಸಬೇಡ, ಅವರ ಕಾಲು ನೋಡಿಕೊಂಡು ಮೊದಲ ಬಾಗಿಲ ತನಕ ಸಾಕು. ಮಗನನ್ನು ಅವತ್ತು ಮನೆಯಲ್ಲೇ ಬಿಡು. ನೀವಿಬ್ಬರೇ ಹೋಗಿ. ‘ಅಪ್ಪ, ಮಳೆ ಕೈಕೊಟ್ಟ ವರ್ಷ ಮನೆ ಹೇಗೆ ನಡೆಸಿದೆ?’ ಅಂತ ಕೇಳು. ನೀನು ಹುಟ್ಟಿದ ದಿನ ಅವರು ಎಲ್ಲಿದ್ದರು ಅಂತ ಕೇಳು. ಉತ್ತರ ಒಂದೇ ಸಾಲು ಬಂದರೂ ಸಾಕು, ಮುಂದಿನ ಭಾನುವಾರ ಮತ್ತೆ ಹೋಗು.

ಹೆಂಡತಿಗೂ ಹೇಳು. ಅವಳಿಗೆ ಅರ್ಥವಾಗುತ್ತದೆ.

ಪ್ರಶ್ನೆ: ಮಗುವಿಗೆ ಎರಡು ವರ್ಷ. ಫೋನ್ ಕೊಡದಿದ್ದರೆ ಒಂದು ತುತ್ತೂ ತಿನ್ನೋದಿಲ್ಲ. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಅಂತ ಎಲ್ಲರೂ ಅನ್ನುತ್ತಾರೆ. ಏನು ಮಾಡಲಿ?
– ಗೃಹಿಣಿ, ಹರಿಹರ

ಉತ್ತರ: ನಮ್ಮ ಕಾಲದಲ್ಲೂ ಮಕ್ಕಳು ಸುಮ್ನೆ ತಿನ್ನುತ್ತಿರಲಿಲ್ಲ ಕಣಮ್ಮ. ಚಂದಮಾಮನನ್ನು ತೋರಿಸುತ್ತಿದ್ದೆವು, ಕಾಗೆ ಕರೆಯುತ್ತಿದ್ದೆವು. ಆದರೆ ಚಂದ್ರನನ್ನು ತೋರಿಸಲು ಒಬ್ಬರು ಮಗುವನ್ನು ಸೊಂಟದ ಮೇಲೆ ಹೊತ್ತು ಅಂಗಳಕ್ಕೆ ಬರಬೇಕಿತ್ತು. ಮನೆಯಲ್ಲಿ ಅತ್ತೆ, ನಾದಿನಿ, ದೊಡ್ಡ ಮಕ್ಕಳು ಅಂತ ಅಷ್ಟು ಸೊಂಟಗಳಿದ್ದವು. ನಿನ್ನ ಮನೆಯಲ್ಲಿ ನೀನೊಬ್ಬಳೇ. ಹಾಗಾಗಿ ಅನ್ನುವವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಆದರೂ ಫೋನ್ ಬಿಡಿಸಲೇಬೇಕು. ಎರಡು ವರ್ಷದ ಒಳಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಫೋನ್ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ಗೊತ್ತಾಗೋದಿಲ್ಲ. ಮನೆಯವರೆಲ್ಲ ಒಟ್ಟಿಗೆ ನೆಲಕ್ಕೆ ಕೂರಿ. ಮಗುವಿನ ಮುಂದೆ ಒಂದು ಪುಟ್ಟ ತಟ್ಟೆ ಇಡಿ. ಚೆಲ್ಲಲಿ, ಮೈಗೆಲ್ಲ ಹಚ್ಚಿಕೊಳ್ಳಲಿ. ಊಟದ ಮಧ್ಯೆ ಬಿಸ್ಕತ್ತು ಬೇಡ. ಮೊದಲ ಕೆಲವು ದಿನ ಅಳುತ್ತದೆ, ಕಡಿಮೆ ತಿನ್ನುತ್ತದೆ. ಗಟ್ಟಿ ಇರು. ತೂಕ ಇಳಿಯಿತು ಅನಿಸಿದರೆ ಅಂಗನವಾಡಿಯಲ್ಲಿ ತೂಗಿಸು, ಅನುಮಾನವಿದ್ದರೆ ಡಾಕ್ಟರಿಗೆ ತೋರಿಸು. ಇನ್ನೊಂದು, ಊಟದ ಹೊತ್ತಿಗೆ ನಿನ್ನ ಗಂಡನ ಫೋನೂ ಕಪಾಟಿಗೆ ಹೋಗಬೇಕು.

ಪ್ರಶ್ನೆ: ಟೀಚರ್, ನಾನು ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯು ಓದುತ್ತಿದ್ದೇನೆ. ಊರು ಜಗಳೂರು ತಾಲ್ಲೂಕು. ಅಪ್ಪ ಯಾವತ್ತೂ ಹೊಡೆದಿಲ್ಲ, ಬೈದಿಲ್ಲ. ‘ನಾನು ನಿನ್ನ ಫ್ರೆಂಡ್’ ಅಂತಾರೆ. ಆದರೆ ದಿನಕ್ಕೆ ಮೂರು ಸಲ ವಿಡಿಯೋ ಕಾಲ್. ನನ್ನ ಫೋನ್ ಎಲ್ಲಿದೆ ಅಂತ ಅವರ ಫೋನಿನಲ್ಲಿ ಕಾಣುತ್ತದೆ. ಗೆಳತಿಯ ಹುಟ್ಟುಹಬ್ಬಕ್ಕೆ ದೋಸೆ ತಿನ್ನಲು ಹೋದರೆ ಐದು ನಿಮಿಷಕ್ಕೆ ಫೋನ್ ಬಂತು. ಹತ್ತನೇ ಕ್ಲಾಸಿನ ತಮ್ಮ ರಾತ್ರಿ ಹತ್ತಕ್ಕೆ ಮನೆಗೆ ಬಂದರೂ ಯಾರೂ ಕೇಳೋದಿಲ್ಲ. ನನಗೆ ಉಸಿರು ಕಟ್ಟುತ್ತದೆ. ಅಪ್ಪನಿಗೆ ಬೇಜಾರು ಮಾಡಲೂ ಇಷ್ಟವಿಲ್ಲ.
– ವಿದ್ಯಾರ್ಥಿನಿ

ಉತ್ತರ: ಮಗಳೇ, ನಾನು ನಿನ್ನ ವಯಸ್ಸಿನಲ್ಲಿದ್ದಾಗ ಫೋನ್ ಇರಲಿಲ್ಲ, ಓಣಿ ಇತ್ತು. ಕಾಲೇಜಿನಿಂದ ಬರುವಾಗ ಸಹಪಾಠಿ ಹುಡುಗನೊಬ್ಬ ನೋಟ್ಸ್ ಕೇಳಿದ. ಎರಡು ನಿಮಿಷ ನಿಂತು ಮಾತಾಡಿದೆ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಪ್ಪ ಏನೂ ಕೇಳಲಿಲ್ಲ. ಮರುದಿನದಿಂದ ಕಾಲೇಜು ಬೇಡ ಅಂದ, ಅಷ್ಟೇ. ಹನ್ನೊಂದು ದಿನ ಮನೆಯಲ್ಲಿ ಕೂತೆ. ಲೆಕ್ಚರರ್ ಮೇಡಂ ಒಬ್ಬರು ಮನೆಗೆ ಬಂದು ಅಜ್ಜನ ಹತ್ತಿರ ಮಾತಾಡಿದ ಮೇಲೆ ಮತ್ತೆ ಹೋದೆ. ಆ ಹನ್ನೊಂದು ದಿನದಲ್ಲಿ ನಿನ್ನ ಹಾಗೆ ‘ಉಸಿರು ಕಟ್ಟುತ್ತದೆ’ ಅಂತ ಯಾರಿಗಾದರೂ ಬರೆಯಬಹುದು ಅಂತಲೂ ನನಗೆ ಗೊತ್ತಿರಲಿಲ್ಲ. ನೀನು ಬರೆದಿದ್ದೀಯ. ನನಗೆ ಅದು ತುಂಬಾ ಸಂತೋಷ.

ಅಪ್ಪ ಹೊಡೆಯೋದಿಲ್ಲ, ಬೈಯೋದಿಲ್ಲ ಅನ್ನೋದು ಸಣ್ಣ ವಿಷಯ ಅಲ್ಲ. ಜಗಳೂರಿನ ಹಳ್ಳಿಯಿಂದ ಮಗಳನ್ನು ಇಲ್ಲಿಗೆ ಕಳಿಸಿ ಓದಿಸೋದೂ ಸಣ್ಣ ವಿಷಯ ಅಲ್ಲ. ಆದರೆ ಕಾವಲು ಕಾವಲೇ. ಫ್ರೆಂಡ್ ಅಂದವರು ಫ್ರೆಂಡ್ ಎಲ್ಲಿದ್ದಾಳೆ ಅಂತ ಹೊತ್ತುಹೊತ್ತಿಗೆ ನೋಡೋದಿಲ್ಲ. ನಿನಗೆ ಉಸಿರು ಕಟ್ಟುವುದು ಸಹಜ, ನೀನು ಕೃತಘ್ನಳಲ್ಲ.

ನಿನ್ನ ಅಪ್ಪನ ಹೆದರಿಕೆ ಏನು ಅಂತ ನೀನೇ ಕೇಳು. ದೂರದ ಊರು, ಹೆಣ್ಣುಮಗಳು, ದಿನಾ ಫೋನಿನಲ್ಲಿ ನೋಡುವ ಕೆಟ್ಟ ಸುದ್ದಿಗಳು. ಅದರ ಜೊತೆ ಫೀಸಿನ ಸಾಲವೂ ಇರಬಹುದು. ನಮ್ಮ ಅವ್ವನಿಗೆ ಐದು ಮಕ್ಕಳು. ಈಗ ರಾಜ್ಯದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಐದು ಮಕ್ಕಳ ಮೇಲೆ ಹಂಚಿಹೋಗುತ್ತಿದ್ದ ಚಿಂತೆ, ಆಸೆ ಎಲ್ಲ ಈಗ ಒಂದೆರಡು ತಲೆಯ ಮೇಲೆ ಬಂದು ಕೂತಿದೆ. ಅದರ ಭಾರ ನಿನಗೆ ತಾಗುತ್ತಿದೆ.

ಹೀಗೆ ಮಾಡು. ಮೂರು ಕಾಲ್ ಬದಲು ರಾತ್ರಿ ಊಟ ಆದ ಮೇಲೆ ಒಂದೇ ಕಾಲ್, ನೀನೇ ಮಾಡು, ಒಂದು ದಿನವೂ ತಪ್ಪಿಸಬೇಡ. ಹೊರಗೆ ಹೋಗುವ ದಿನ ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ಸು ಅಂತ ಮೊದಲೇ ಒಂದು ಮೆಸೇಜ್ ಹಾಕು. ಬದಲಿಗೆ ಫೋನಿನ ಆ ಕಾವಲನ್ನು ಒಂದು ತಿಂಗಳು ತೆಗೆದು ನೋಡೋಣ ಅಂತ ಕೇಳು. ಒಂದು ತಿಂಗಳು ಅಂದರೆ ಅವರು ಒಪ್ಪಬಹುದು. ತಮ್ಮನ ವಿಷಯವನ್ನು ಜಗಳದ ಮಧ್ಯೆ ಎತ್ತಬೇಡ, ಅವ್ವನಿಗೆ ಬೇರೆಯಾಗಿ ಹೇಳು. ರಾತ್ರಿ ಹತ್ತಕ್ಕೆ ಬರುವ ಹದಿನಾರರ ಹುಡುಗನನ್ನೂ ‘ಎಲ್ಲಿದ್ದೆ?’ ಅಂತ ಕೇಳಬೇಕು. ಕೇಳದೇ ಇರೋದು ಅವನಿಗೂ ಒಳ್ಳೆಯದಲ್ಲ.

ಓದಿನ ಒತ್ತಡಕ್ಕೆ ನಿದ್ದೆ ಬಾರದಿದ್ದರೆ, ಅಳು ನಿಲ್ಲದಿದ್ದರೆ, ಬೇಡದ ಯೋಚನೆ ಬಂದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಇರುತ್ತಾರೆ.

ಮುಂದಿನ ಸಲ ಅಪ್ಪ ಹಾಸ್ಟೆಲ್‌ಗೆ ಬಂದಾಗ, ಗೆಳತಿಯ ಹುಟ್ಟುಹಬ್ಬಕ್ಕೆ ನೀನು ಹೋಗಿದ್ದೆಯಲ್ಲ, ಆ ಹೋಟೆಲಿಗೇ ಅವರನ್ನೂ ಕರೆದುಕೊಂಡು ಹೋಗು. ನೀನು ಕೂತಿದ್ದ ಮೇಜು ತೋರಿಸು. ಇಬ್ಬರ ಫೋನೂ ನಿನ್ನ ಬ್ಯಾಗಿನಲ್ಲಿ ಇರಲಿ. ಮೊದಲ ಬೆಣ್ಣೆ ದೋಸೆ ಮುಗಿಯುವ ತನಕ ಮಾರ್ಕ್ಸಿನ ಮಾತು ಬೇಡ ಅಂತ ನೀನೇ ಹೇಳು. ಎರಡನೇ ದೋಸೆ ಬರುವಷ್ಟರಲ್ಲಿ ನಿನ್ನ ಮಾತು ಶುರು ಮಾಡು. ಏನಾಯಿತು ಅಂತ ನನಗೆ ಬರೆ. ಕಾಯುತ್ತಿರುತ್ತೇನೆ.